ಯಂತ್ರದ ಪಾರುಪತ್ತೇಗಾರನೂ ರೈತನ ಹೆಸರೂ

ಮಧುಗಿರಿ ಉಪವಿಭಾಗಕ್ಕೆ ಸೇರಿದ ತಾಲ್ಲೂಕುಗಳು ನಾಲ್ಕು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಇವುಗಳಲ್ಲಿ ಯಾವ ತಾಲ್ಲೂಕು ಕಚೇರಿಗೆ ತಾವು ಹೋದರೂ ಪಹಣಿಗಾಗಿ ಬಂದ ರೈತರನ್ನು ಕಾಣಬಹುದು. ಅಚ್ಚಾದ ಕಾಗದ ಕೈಗೆ ಬಂದೊಡನೆ ಅವರು ಮೊದಲು ಹುಡುಕುವುದು ತಮ್ಮ ಹೆಸರನ್ನು. ಸರ್ವೆ ನಂಬರು, ಎಕರೆ, ಗುಂಟೆಗಳು ಆಮೇಲೆ. ಕಿಟಕಿಯಾಚೆಯ ಕಂಪ್ಯೂಟರಿನ ಒಳವ್ಯವಹಾರ ಅವರಿಗೆ ಬೇಕಿಲ್ಲ, ಬೇಕಾಗಲೂ ಕೂಡದು. ಆದರೆ ಆ ಒಳವ್ಯವಹಾರವು ಕೆಲವು ವರ್ಷಗಳಿಗೊಮ್ಮೆ ಬುಡಸಹಿತ ಬದಲಾಗತಕ್ಕದ್ದು. ಬದಲಾದಾಗಲೂ ಆ ಹೆಸರಿನ ಒಂದು ಒತ್ತಕ್ಷರವೂ ಕೆಡಬಾರದು. ಈ ಕಷ್ಟದ ಚರಿತ್ರೆಯನ್ನು ಸ್ವಲ್ಪ ವಿಚಾರಮಾಡೋಣ.

ಕಂಪ್ಯೂಟರಿನಲ್ಲಿ ಆಪರೇಟಿಂಗ್ ಸಿಸ್ಟಂ ಎಂಬುದೊಂದುಂಟು. ಹಳೆಯ ಮೈಸೂರಿನ ಮಾತಿನಲ್ಲಿ ಹೇಳುವುದಾದರೆ ಅದು ಯಂತ್ರದ ಪಾರುಪತ್ತೇಗಾರ. ಕೀಲಿಮಣೆಯಲ್ಲಿ ಒತ್ತಿದ್ದನ್ನು ಪರದೆಗೆ ತರುವುದು, ಬರೆದದ್ದನ್ನು ಜೋಪಾನವಾಗಿಡುವುದು, ಅಚ್ಚುಯಂತ್ರಕ್ಕೆ ಅಪ್ಪಣೆ ಕೊಡುವುದು, ಅಪರಿಚಿತರನ್ನು ಬಾಗಿಲಲ್ಲೇ ತಡೆಯುವುದು, ಎಲ್ಲವೂ ಅವನ ಕೆಲಸವೇ. ಈ ಪಾರುಪತ್ತೇಗಾರನಿಗೂ ನಿವೃತ್ತಿಯುಂಟು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಪೋಷಣೆ 2014ರ ಏಪ್ರಿಲ್ 8ರಂದು ನಿಂತಿತು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಪೋಷಣೆ ನಿಂತ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ. ಗೋಡೆಯಲ್ಲಿ ಹೊಸ ಕನ್ನ ಕಂಡುಬಂದರೆ ಮುಚ್ಚುವವರಿರುವುದಿಲ್ಲ, ಅಷ್ಟೆ. ಮನೆಯಲ್ಲಿರುವ ಒಂದು ಯಂತ್ರವನ್ನು ಒಂದು ಭಾನುವಾರದಲ್ಲಿ ಸರಿಮಾಡಿಕೊಳ್ಳಬಹುದು. ನೂರಾರು ಕಚೇರಿಗಳುಳ್ಳ ಸಂಸ್ಥೆಗೆ ಅಂಥ ಭಾನುವಾರ ಸಿಕ್ಕುವುದಿಲ್ಲ.

ನಮ್ಮ ಕಂದಾಯ ಇಲಾಖೆಗೆ ಇಂಥ ಬದಲಾವಣೆ ಹೊಸದಲ್ಲ. ಹಿಂದೆ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದೇ ಕಡತ. ವಸ್ತು ಹೋಯಿತು, ಹೆಸರು ಮಾತ್ರ ಕಚೇರಿಯಲ್ಲಿ ಉಳಿದಿದೆ. 1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ರೆವಿನ್ಯೂ ಸರ್ವೆ ಆರಂಭವಾಗಿ ಹೊಲಗಳಿಗೆ ನಂಬರು ಬಂದಿತು. 1961ರ ಶಾಸನದಂತೆ 1963ರ ಫೆಬ್ರವರಿ 1ರಿಂದ ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡು, ಸಂಬಳದ ಗ್ರಾಮಲೆಕ್ಕಿಗರು ಬಂದರು. ಬರೆಯುವ ಕೈ ಬದಲಾದರೂ ಅಕ್ಷರ ಅದೇ ಆಗಿದ್ದಿತು. ಹೊಸಬರು ಕಷ್ಟಪಟ್ಟಾದರೂ ಹಳಬರ ಪುಸ್ತಕವನ್ನು ಓದಿಕೊಂಡರು.

ಕಂಪ್ಯೂಟರ್ ಬಂದುದು ಮೊದಲು ತಪ್ಪು ಸ್ಥಳಕ್ಕೆ. ಭೂದಾಖಲೆಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 1988-89ರಲ್ಲಿ ಯೋಜನೆ ಹಾಕಿತಷ್ಟೆ; 1990ರ ದಶಕದಲ್ಲಿ ಯಂತ್ರಗಳನ್ನಿಟ್ಟದ್ದು ಜಿಲ್ಲಾ ಕೇಂದ್ರಗಳಲ್ಲಿ. ಖಾತೆ ಬದಲಾಗುತ್ತಿದ್ದುದೋ ತಾಲ್ಲೂಕಿನಲ್ಲಿ! ಜಿಲ್ಲೆಯ ಯಂತ್ರದಲ್ಲಿ ಸತ್ತವರ ಹೆಸರು ಉಳಿದುಕೊಂಡರೆ ಆಶ್ಚರ್ಯವೇನು? ಈ ಕೊರತೆಯನ್ನು ತಿದ್ದಿದುದು ‘ಭೂಮಿ’ ಯೋಜನೆ. ರಾಷ್ಟ್ರೀಯ ಮಾಹಿತಿ ಕೇಂದ್ರವು ತಂತ್ರಾಂಶವನ್ನು ಸಿದ್ಧಪಡಿಸಿತು. ರಾಜೀವ್ ಚಾವ್ಲಾ ಎಂಬ ಅಧಿಕಾರಿಗಳು ಮುಂದೆ ನಿಂತು ನಡೆಸಿದರು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ತಾಲ್ಲೂಕು ಕಚೇರಿಗಳ ಯಂತ್ರಗಳಿಗೆ ಏರಿದವು. ಪ್ರತಿಯೊಂದಕ್ಕೆ 15 ರೂಪಾಯಿ ಶುಲ್ಕವಿದ್ದಿತು. ಕಾರ್ಯಕ್ರಮದ ಜಾಣತನ ಇಲ್ಲಿದೆ: ಎಲ್ಲ ತಾಲ್ಲೂಕುಗಳನ್ನೂ ಒಂದೇ ದಿನ ಬದಲಿಸಲಿಲ್ಲ. ಕೆಲವೆಡೆ ನಡೆಸಿ ನೋಡಿ, ಆಮೇಲೆ ಉಳಿದೆಡೆಗೆ ಹೋದರು. ತಾಲ್ಲೂಕಿನ ದಾಖಲೆ ಯಂತ್ರಕ್ಕೆ ಸೇರಿದ ಬಳಿಕವೇ ಅಲ್ಲಿಯ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು.

ಇನ್ನು ಅಕ್ಷರದ ವಿಷಯ. ಕನ್ನಡ ಕಲಿಸುವವನಾದ್ದರಿಂದ ನಾನು ಇಲ್ಲಿ ತುಸು ಹೆಚ್ಚು ಹೊತ್ತು ನಿಂತರೆ ವಾಚಕರು ಮನ್ನಿಸಬೇಕು. ಆಗಿನ ಕಂಪ್ಯೂಟರುಗಳಲ್ಲಿ ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮೊದಲಾದವುಗಳಲ್ಲಿ ನಮ್ಮ ಅಕ್ಷರಗಳು ಇಂಗ್ಲಿಷಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಬಾಡಿಗೆಗಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುತ್ತಿದ್ದುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ. ಯೂನಿಕೋಡ್ ಎಂಬ ಜಾಗತಿಕ ಏರ್ಪಾಡು 1991ರಲ್ಲಿ ಕನ್ನಡಕ್ಕೆ ಪ್ರತ್ಯೇಕ ಬೀದಿಯನ್ನೇ ಕೊಟ್ಟಿತು. ಅದರಲ್ಲಿ ಅಕ್ಷರಗಳನ್ನಿಡುವುದು ಉಚ್ಚಾರಣೆಯ ಕ್ರಮದಲ್ಲಿ. ‘ಧರ್ಮಯ್ಯ’ ಎನ್ನುವಾಗ ರಕಾರವನ್ನು ಮಕಾರಕ್ಕಿಂತ ಮೊದಲು ನುಡಿಯುತ್ತೇವೆ. ಬರೆಯುವಾಗ ಅರ್ಕಾವತ್ತು ಮಕಾರದ ಬಲಕ್ಕೆ ಹೋಗುತ್ತದೆ. ಯಂತ್ರ ಇಟ್ಟುಕೊಳ್ಳುವುದು ನುಡಿದಂತೆ, ತೋರಿಸಬೇಕಾದುದು ಬರೆದಂತೆ. ಈ ಸ್ಥಾನಪಲ್ಲಟವನ್ನು ಮಾಡತಕ್ಕವನು ನಮ್ಮ ಪಾರುಪತ್ತೇಗಾರನೇ. 1990ರ ದಶಕದ ವಿಂಡೋಸಿಗೆ ಈ ವಿದ್ಯೆ ಬರುತ್ತಿರಲಿಲ್ಲ. ಎಕ್ಸ್‌ಪಿ ಅದನ್ನು ಕಲಿತು, ‘ತುಂಗಾ’ ಎಂಬ ಕನ್ನಡ ಫಾಂಟಿನೊಡನೆ ಬಂದಿತು. ಹೀಗೆ ಕನ್ನಡಕ್ಕೆ ಲಾಭ ತಂದ ಬದಲಾವಣೆಯೇ, ಬಾಡಿಗೆ ಮನೆಗಳಲ್ಲಿದ್ದ ಹಳೆಯ ಬರಹವನ್ನೆಲ್ಲ ಸ್ವಂತ ಮನೆಗೆ ಸಾಗಿಸುವ ಹೊರೆಯನ್ನೂ ತಂದಿತು. ಸಾಗಿಸುವಾಗ ಒಂದು ಒತ್ತು ಜಾರಿದರೆ ಮನುಷ್ಯನೇ ಬೇರೆಯಾಗುತ್ತಾನೆ.

ಅತಿ ಸೂಕ್ಷ್ಮವೆಂದು ತಾವು ನಗಬಹುದು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಎದ್ದಿರುವ 2,050 ಮೆಗಾವ್ಯಾಟಿನ ಸೌರವಿದ್ಯುತ್ ಉದ್ಯಾನವನ್ನು ನೆನೆಯಿರಿ. ಅದು 2018ರಲ್ಲಿ ಉದ್ಘಾಟನೆಯಾಯಿತು. ಅಲ್ಲಿಯ ನೆಲವನ್ನು ಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಮೊದಲಾಯಿತು. ಮಳೆ ಕಾಣದ ಆ ಸೀಮೆಯಲ್ಲಿ ಅದು ಸಣ್ಣ ಹಣವಲ್ಲ. ಗುತ್ತಿಗೆ ಸಲ್ಲುವುದು ನೆಲದ ಒಡೆಯನಿಗೆ. ಒಡೆಯನಾರೆಂದು ಹೇಳುವುದು ಪಹಣಿ.

ಹಾಗಾದರೆ ಬದಲಿಸದೆ ಇದ್ದುಬಿಡೋಣವೆ? 2017ರ ಮೇ 12ರಂದು ‘ವಾನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮೇಲ್ಪಟ್ಟು ಕಂಪ್ಯೂಟರುಗಳಿಗೆ ಬೀಗ ಹಾಕಿ ಸುಲಿಗೆಗೆ ನಿಂತಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ರದ್ದಾದವು. ಆ ಕನ್ನಕ್ಕೆ ತೇಪೆ ಬಂದುದು ಮಾರ್ಚ್ 14ರಂದೇ! ಹಾಕಿಕೊಳ್ಳದವರು ಕೆಟ್ಟರು. ಅವಸರಪಟ್ಟವರ ಪಾಡೇನು? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ತಂತ್ರಾಂಶದ ದೋಷವುಳ್ಳ ಪರಿಷ್ಕರಣ ಒಮ್ಮೆಲೇ ಲೋಕಕ್ಕೆಲ್ಲ ಹೋಗಿ, ಸುಮಾರು 85 ಲಕ್ಷ ಯಂತ್ರಗಳು ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣದ ಚೀಟಿಗಳನ್ನು ಕೈಯಲ್ಲಿ ಬರೆದುಕೊಟ್ಟರು.

ಆದ್ದರಿಂದ ತಿಳಿದವರು ಮೊದಲು ಎಲ್ಲ ಯಂತ್ರಗಳ ಪಟ್ಟಿ ಮಾಡುತ್ತಾರೆ, ದಾಖಲೆಯ ಪ್ರತಿ ತೆಗೆದಿಡುತ್ತಾರೆ, ಒಂದೆರಡು ಕಚೇರಿಗಳಲ್ಲಿ ಪರೀಕ್ಷಿಸುತ್ತಾರೆ, ಕೆಟ್ಟರೆ ಹಿಂದಕ್ಕೆ ಬರುವ ದಾರಿಯನ್ನು ಉಳಿಸಿಕೊಳ್ಳುತ್ತಾರೆ. ನಮ್ಮ ಉಪವಿಭಾಗದಲ್ಲಿ ಎಲ್ಲಿಂದ ಮೊದಲುಮಾಡಬೇಕೆಂದು ಕೇಳಿದರೆ, ತುಮಕೂರಿಗೆ ಹತ್ತಿರದ ಕೊರಟಗೆರೆ ಎಂದು ಎಲ್ಲರೂ ಹೇಳುವರು. ತಂತ್ರಜ್ಞರು ಬೇಗ ಬಂದಾರು. ನಾನಾದರೋ ಪಾವಗಡವನ್ನೂ ಸೇರಿಸುವೆನು. ಮೂರು ಕಡೆ ಆಂಧ್ರ ಸುತ್ತುವರಿದ ಆ ದೂರದೂರಿನಲ್ಲಿ, ಹಳೆಯ ಅಚ್ಚುಯಂತ್ರದ ಮೇಲೆ, ತೆಲುಗು ಹೆಸರುಗಳೂ ನೆಟ್ಟಗೆ ಮೂಡಿದರೆ ಉಳಿದೆಡೆಗೆ ಭಯವಿಲ್ಲ. ಶಾಲೆಗಳ ಯಂತ್ರಗಳಿಗೆ ಏಪ್ರಿಲ್, ಮೇ ತಿಂಗಳ ರಜೆಯೇ ತಕ್ಕ ಕಾಲ. ಪರೀಕ್ಷೆಯ ಹೊತ್ತಿನಲ್ಲಿ ಮುಟ್ಟಬಾರದು.

ವಿಂಡೋಸ್ 11 ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ, ಟಿಪಿಎಂ 2.0 ಎಂಬ ಭದ್ರತಾ ಬಿಲ್ಲೆಯನ್ನೂ ಈಚಿನ ಪ್ರೊಸೆಸರನ್ನೂ ಕೇಳುತ್ತದೆ. ಆಗ ಯಂತ್ರವನ್ನೇ ಕೊಳ್ಳಬೇಕು, ಇಲ್ಲವೆ ಬೇರೆ ಪಾರುಪತ್ತೇಗಾರನನ್ನು ನೇಮಿಸಬೇಕು. ಕೇರಳದ ಶಾಲೆಗಳು ಎರಡನೆಯ ದಾರಿ ಹಿಡಿದು, ಲಿನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ತಮಗೆ ತಕ್ಕಂತೆ ತಿದ್ದಿಕೊಂಡವು; 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳಿಗಾಗಿ ಅದರ ಹೊಸ ಆವೃತ್ತಿ ಸಿದ್ಧವಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದೂ ಅದರಲ್ಲಿಯೇ, ಕನ್ನಡದ ಪಠ್ಯಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು.