ಜಮಖಂಡಿಯ ಗುರುದೇವ ರಾನಡೆ ಮತ್ತು ಧರ್ಮಗಳ ತೌಲನಿಕ ಅಧ್ಯಯನ



ಮುಧೋಳವೆಂದರೆ ಕವಿಚಕ್ರವರ್ತಿ ರನ್ನ, ರಬಕವಿ-ಬನಹಟ್ಟಿಯೆಂದರೆ ನೇಕಾರರ ಮಗ್ಗ, ಜಮಖಂಡಿಯೆಂದರೆ ಪಟವರ್ಧನರ ಸಂಸ್ಥಾನ. ಬೀಳಗಿಯಿಂದ ಬನಹಟ್ಟಿಯವರೆಗಿನ ಮಕ್ಕಳಿಗೆ ಇಷ್ಟು ತಿಳಿದಿರುತ್ತದೆ. ಆದರೆ ಜಗತ್ತಿನ ಧರ್ಮಚಿಂತನೆಗಳನ್ನು ಒಟ್ಟಿಗೆ ಇಟ್ಟು ಓದುವ ಕ್ರಮವನ್ನು ವಿಶ್ವವಿದ್ಯಾಲಯದ ಉನ್ನತ ತರಗತಿಗಳಲ್ಲಿ ಕಲಿಸಿದ ವಿದ್ವಾಂಸರೊಬ್ಬರು ಜಮಖಂಡಿಯವರೇ ಎಂಬುದನ್ನು ಅರಿತವರು ವಿರಳ. ಅವರೇ ರಾಮಚಂದ್ರ ದತ್ತಾತ್ರೇಯ ರಾನಡೆ, ಜನರ ಬಾಯಲ್ಲಿ ಗುರುದೇವ ರಾನಡೆ.

1886ರ ಜುಲೈ 3ರಂದು ಜಮಖಂಡಿಯಲ್ಲಿ ಜನಿಸಿದ ರಾನಡೆಯವರು ಅಲ್ಲಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿದರು. ಮನೆಮಾತು ಮರಾಠಿ, ಊರಮಾತು ಕನ್ನಡ. ವಿದ್ಯಾರ್ಥಿಯಾಗಿದ್ದಾಗಲೇ, 1901ರಲ್ಲಿ, ಉಮದಿಯ ಭಾವುಸಾಹೇಬ ಮಹಾರಾಜರಿಂದ ನಾಮದೀಕ್ಷೆ ಪಡೆದರು. ಈ ಗುರುಪರಂಪರೆಯನ್ನು ಗಮನಿಸಬೇಕು. ಮೂಲಗುರು ನಿಂಬರಗಿ ಮಹಾರಾಜರು ಲಿಂಗಾಯತರು. ಶಿಷ್ಯ ಭಾವುಸಾಹೇಬರು ಬ್ರಾಹ್ಮಣ ದೇಶಪಾಂಡೆ ಮನೆತನದವರು. ಜಾತಿಯೂ ಭಾಷೆಯೂ ಗಡಿಯಾಗದ ಇಂಚಗೇರಿ ಸಂಪ್ರದಾಯವಿದು. ತೌಲನಿಕ ಅಧ್ಯಯನವೆಂಬ ಹೆಸರನ್ನು ಕೇಳುವ ಮೊದಲೇ ಅದರ ಒಳಗೆ ಅವರು ಬೆಳೆದರೆಂದರೆ ತಪ್ಪಾಗದು.

1914ರಲ್ಲಿ ತತ್ತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಕುಲಪತಿಯೂ ಆಗಿ, 1946ರಲ್ಲಿ ನಿವೃತ್ತರಾದರು. ಗ್ರೀಕ್ ದಾರ್ಶನಿಕರನ್ನೂ ಉಪನಿಷತ್ತುಗಳನ್ನೂ ಸಮಾನ ಶ್ರದ್ಧೆಯಿಂದ ಓದಿದವರು ಅವರು. ಉಪನಿಷತ್ತುಗಳನ್ನು ಕುರಿತ ಅವರ ಇಂಗ್ಲಿಷ್ ಮಹಾಗ್ರಂಥ 1926ರಲ್ಲಿ ಪ್ರಕಟವಾಯಿತು.

ಕಠೋಪನಿಷತ್ತಿನಲ್ಲಿ ದೇಹವೇ ರಥ, ಬುದ್ಧಿಯೇ ಸಾರಥಿ. ಗ್ರೀಸಿನ ಪ್ಲೇಟೋ ಕೂಡ ಆತ್ಮವನ್ನು ಸಾರಥಿ ಮತ್ತು ಎರಡು ಕುದುರೆಗಳ ರೂಪಕದಲ್ಲಿ ವರ್ಣಿಸಿದ್ದಾನೆ. ಇಂಥ ಸಾಮ್ಯ ಕಂಡೊಡನೆ 'ಅವರು ನಮ್ಮಿಂದ ಕದ್ದರು' ಎಂದು ಕೆಲವರು, 'ನಾವೇ ಅವರಿಂದ ಪಡೆದೆವು' ಎಂದು ಕೆಲವರು ವಾದಕ್ಕಿಳಿಯುತ್ತಾರೆ. ರಾನಡೆಯವರು ಎರಡನ್ನೂ ಒಪ್ಪಲಿಲ್ಲ. ಐತಿಹಾಸಿಕ ಆಧಾರ ದೊರೆಯದಿರುವಾಗ ಎರಡು ಜನಾಂಗಗಳು ಸ್ವತಂತ್ರವಾಗಿಯೇ ಸಮಾನ ವಿಚಾರಕ್ಕೆ ಬಂದವೆಂದು ತಿಳಿಯುವುದೇ ನ್ಯಾಯವೆಂಬುದು ಅವರ ನಿಲುವು.

1933ರಲ್ಲಿ ಮಹಾರಾಷ್ಟ್ರದ ಸಂತರ ಅನುಭಾವವನ್ನು ಕುರಿತು ಬರೆದಾಗಲೂ ಇದೇ ದೃಷ್ಟಿ. ದೇವರು ಕಾಣದೆ ತುಕಾರಾಮರು ಪಟ್ಟ ಸಂಕಟವನ್ನು ವಿವರಿಸಲು, ಸ್ಪೇನ್ ದೇಶದ ಕ್ರೈಸ್ತ ಸಂತ ಯೋಹಾನರಿಂದ ಬಂದ 'ಆತ್ಮದ ಕಗ್ಗತ್ತಲ ರಾತ್ರಿ' ಎಂಬ ಮಾತನ್ನು ಬಳಸಿಕೊಂಡರು. ಇದರಿಂದ ತುಕಾರಾಮರು ಕ್ರೈಸ್ತರಾಗಲಿಲ್ಲ, ಯೋಹಾನರು ವಾರಕರಿಯಾಗಲಿಲ್ಲ. ಇಬ್ಬರ ಅಳಲೂ ನಮಗೆ ಇನ್ನಷ್ಟು ಅರ್ಥವಾಯಿತು. ಕನ್ನಡ ಸಾಹಿತ್ಯದ ಪರಮಾರ್ಥಮಾರ್ಗವನ್ನು ಕುರಿತು ಅವರು ಕರ್ನಾಟಕ ವಿಶ್ವವಿದ್ಯಾಲಯಕ್ಕಾಗಿ ನೀಡಿದ ಉಪನ್ಯಾಸಗಳು 1960ರಲ್ಲಿ ಗ್ರಂಥವಾಗಿ ಬಂದವು. ಅಲ್ಲಿ ಶರಣರೂ ದಾಸರೂ ಬೇರೆ ಬೇರೆ ಪಂಕ್ತಿಗಳಲ್ಲಿ ಕೂಡದೆ ಒಂದೇ ಸಾಧನೆಯ ಮೆಟ್ಟಿಲುಗಳಲ್ಲಿ ಜೊತೆಯಾಗಿ ನಡೆಯುತ್ತಾರೆ. ಅದನ್ನು ಕಾಣಲು ಅವರು ಉಳಿದಿರಲಿಲ್ಲ. 1957ರ ಜೂನ್ 6ರಂದು ನಿಂಬಾಳದಲ್ಲಿ ದೇಹವಿಟ್ಟಿದ್ದರು.

ಸಂತರನ್ನು ಜಾತಿಗೊಬ್ಬರಂತೆ, ರಾಜ್ಯಕ್ಕೊಬ್ಬರಂತೆ ಹಂಚಿಕೊಳ್ಳುವ ಕಾಲದಲ್ಲಿ ನಾವಿದ್ದೇವೆ. ಗಡಿಸೀಮೆಯವರಾದ ನಮಗೆ ಇದರ ನಷ್ಟ ಹೆಚ್ಚು. ಏಕೆಂದರೆ ನಮ್ಮ ಭಜನೆಯ ಮನೆಗಳಲ್ಲಿ ಅಭಂಗವೂ ವಚನವೂ ಕೂಡಿ ಬಾಳಿವೆ. ಧರ್ಮಗಳ ಅಧ್ಯಯನಕ್ಕೆಂದು ಎಂ.ಎ., ಪಿಎಚ್.ಡಿ.ಗೆ ಹೋಗುವ ಮಕ್ಕಳಿಗೆ ನನ್ನ ವಿನಂತಿ ಇಷ್ಟೇ: ಎರಡು ಧರ್ಮಗಳನ್ನು ಹೋಲಿಸುವಾಗ ಗೆದ್ದವರಾರೆಂದು ಹುಡುಕಬೇಡಿರಿ. ಮೊದಲು ಎರಡೂ ಕಡೆಯ ಮೂಲಗ್ರಂಥಗಳನ್ನು ಗೌರವದಿಂದ ಓದಿರಿ. ಆ ಕೆಲಸವನ್ನು ಒಂದು ಜೀವಮಾನವಿಡೀ ಮಾಡಿದವರು ನಿಮ್ಮದೇ ಸೀಮೆಯಲ್ಲಿ ಹುಟ್ಟಿದವರೆಂಬುದು ನೆನಪಿರಲಿ.