ಕುಳಿತು ಆಡುವ ಆಟ: ಮಲೆನಾಡಿನ ತಾಳಮದ್ದಳೆ

ಆಟವೆಂಬುದು ಮಕ್ಕಳ ಸೊತ್ತು, ಮೀಸೆ ಮೂಡಿದ ಮೇಲೆ ಅದನ್ನು ಬಿಡತಕ್ಕದ್ದು ಎಂಬ ಅಭಿಪ್ರಾಯವು ನಮ್ಮಲ್ಲಿ ಬಲವಾಗಿ ಬೇರೂರಿದೆ. ಸಂಸಾರಸ್ಥನು ಇಸ್ಪೀಟಿಗೆ ಕುಳಿತರೆ ಮನೆ ಹಾಳಾಯಿತೆಂದೂ, ಪಗಡೆ ಹಾಸಿದರೆ ಧರ್ಮರಾಯನ ದಾರಿ ಹಿಡಿದನೆಂದೂ ಹಿರಿಯರು ಎಚ್ಚರಿಸುವುದುಂಟು. ಆದರೆ ಕನ್ನಡ ನಾಡಿನ ಪೂರ್ವಿಕರು ಈ ವಿಷಯದಲ್ಲಿ ಅಷ್ಟೊಂದು ಬಿಗಿಯಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ಐದು ವಿಂಶತಿಗಳ ಗ್ರಂಥ. ರಾಜ್ಯವನ್ನು ಪಡೆಯುವ, ಸ್ಥಿರಗೊಳಿಸುವ ವಿಚಾರಗಳಾದ ಮೇಲೆ ಅದರ ಕೊನೆಯ ಎರಡು ವಿಂಶತಿಗಳು ವಿನೋದಕ್ಕೂ ಕ್ರೀಡೆಗೂ ಮೀಸಲಾಗಿವೆ. ಅದೇ ಮಾರ್ಗದಲ್ಲಿ ನಮ್ಮ ಸೀಮೆಯನ್ನಾಳಿದ ಕೆಳದಿಯ ಬಸವಪ್ಪ ನಾಯಕನು 1709ರ ಸುಮಾರಿಗೆ ಶಿವತತ್ತ್ವರತ್ನಾಕರವನ್ನು ರಚಿಸಿ, ಶಾಸ್ತ್ರಗಳ ಜತೆಯಲ್ಲಿ ಕಲೆಗಳಿಗೂ ಎಡೆಯಿತ್ತನು. ಬೆಳೆದವರ ವಿನೋದವು ವಿಚಾರಕ್ಕೆ ಯೋಗ್ಯವಾದ ವಿಷಯವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

ಈಚೆಗೆ ಬೆಂಗಳೂರಿನಂತಹ ನಗರಗಳಲ್ಲಿ ಉದ್ಯೋಗಸ್ಥರಾದ ತರುಣರು ಮೇಜಿನ ಸುತ್ತ ಕುಳಿತು ಒಂದು ಬಗೆಯ ಕಥೆಯಾಟವನ್ನು ಆಡುವರು. ಒಬ್ಬನು ಕಥೆಯನ್ನು ನಡೆಸುವ ಸೂತ್ರಧಾರ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಆ ಪಾತ್ರದ ಬಾಯಿಂದ ಮಾತನಾಡಿ, ಸಂಕಟ ಬಂದಲ್ಲಿ ದಾಳವನ್ನೆಸೆದು ಫಲವನ್ನು ತಿಳಿಯುವರು. ಇದರ ವಂಶಾವಳಿ ಸ್ವಾರಸ್ಯವಾದುದು. ಭರತಖಂಡದ ಚತುರಂಗವು ಪಾರಸಿಕ ದೇಶದ ಮಾರ್ಗವಾಗಿ ಯೂರೋಪನ್ನು ಸೇರಿತು. ಅಲ್ಲಿ ಅದರಿಂದ ಯುದ್ಧದಾಟಗಳು ಹುಟ್ಟಿದುವು. 1824ರಲ್ಲಿ ಪ್ರಷ್ಯದ ಸೇನೆಯ ಅಧಿಕಾರಿಗಳ ಶಿಕ್ಷಣಕ್ಕಾಗಿ ಅಂತಹದೊಂದು ಆಟದ ನಿಯಮಗಳು ಅಚ್ಚಾದುವು. ಅದೇ ಪರಂಪರೆಯಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಸೇನೆಯನ್ನು ನಡೆಸುತ್ತಿದ್ದ ಆಟಗಾರನು ಅಂದಿನಿಂದ ಒಬ್ಬ ವ್ಯಕ್ತಿಯಾಗಿ ಆಡತೊಡಗಿದನು.

ಈ ವಾರ್ತೆಯನ್ನು ಕೇಳಿ ಬೆರಗಾಗುವವರು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಳೆಯ ಮನೆಗಳ ಜಗಲಿಯನ್ನು ಒಮ್ಮೆ ನೆನೆಯಬೇಕು. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಪಾತ್ರವಾಗಿ, ಬರೆದಿಡದ ಮಾತನ್ನು ಆ ಕ್ಷಣದಲ್ಲೇ ಹುಟ್ಟಿಸಿ ಆಡುವ ಆಟವು ನಮ್ಮಲ್ಲಿ ಶತಮಾನಗಳಿಂದ ಇದೆ. ಅದುವೆ ತಾಳಮದ್ದಳೆ.

ತಾಳಮದ್ದಳೆಯ ಪ್ರಾಚೀನತೆಗೆ ಶಾಸನದ ಆಧಾರವುಂಟು. ಬಳ್ಳಾರಿ ಸೀಮೆಯ ಕುರುಗೋಡಿನ ಬಳಿ ಸೋಮಸಮುದ್ರದ ಲಕ್ಷ್ಮೀನಾರಾಯಣ ದೇವಾಲಯದಲ್ಲಿ ದೊರೆತ 1556ನೆಯ ಇಸವಿಯ ಶಾಸನವು ತಾಳಮದ್ದಳೆಯ ಸೇವೆ ನಡೆಸುವವರಿಗೆ ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿಯನ್ನು ಹೇಳುತ್ತದೆ. ಇಂದು ಕರಾವಳಿಯ ಹಾಗೂ ಮಲೆನಾಡಿನ ಕಲೆಯೆಂದೆಣಿಸುವ ಇದರ ಹೆಸರು ಬಯಲುಸೀಮೆಯ ಕಲ್ಲಿನಲ್ಲಿ ಕಾಣುವುದು ಯೋಚಿಸತಕ್ಕ ವಿಷಯ. ಬಯಲುಸೀಮೆಯಲ್ಲಿ ಅದು ಬಳಕೆ ತಪ್ಪಿತು. ಘಟ್ಟದ ಮೇಲೆಯೂ ಕೆಳಗೆಯೂ ಉಳಿದುಕೊಂಡಿತು.

ಹೀಗೆ ಉಳಿದುದಕ್ಕೆ ನಮ್ಮ ಮಳೆಯೂ ಒಂದು ಕಾರಣವೆಂದು ತೋರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುವುದು. ಹೊಸನಗರ ತಾಲ್ಲೂಕಿನ ಹುಲಿಕಲ್ಲೂ ಅದಕ್ಕೆ ಹೆಗಲೆಣೆಯಾದುದು. ಬೇಸಗೆಯಲ್ಲಿ ಮಂದರ್ತಿ ಮೊದಲಾದ ಮೇಳಗಳು ಘಟ್ಟವೇರಿ ಬಂದು ಬಯಲಾಟವನ್ನಾಡುವುವು. ಮುಂಗಾರು ಹಿಡಿಯಿತೆಂದರೆ ಮೇಳಗಳು ಗೆಜ್ಜೆ ಬಿಚ್ಚುವುವು. ಅಡಕೆಯ ಕೊನೆಗಳಿಗೆ ಕೊಟ್ಟೆ ಕಟ್ಟಿಸಿ, ಗದ್ದೆಯ ನಾಟಿಯನ್ನು ಮುಗಿಸಿದ ಗೃಹಸ್ಥನಿಗೆ ಪುಷ್ಯ, ಆಶ್ಲೇಷೆಯ ಮಳೆಗಳಲ್ಲಿ ರಾತ್ರಿಗಳು ಬಹಳ ಉದ್ದ. ಆಗ ಜಗಲಿಯಲ್ಲಿ ಕುಮಾರವ್ಯಾಸ ಭಾರತವೋ ತೊರವೆ ರಾಮಾಯಣವೋ ಲಕ್ಷ್ಮೀಶನ ಜೈಮಿನಿ ಭಾರತವೋ ವ್ಯಾಸಪೀಠವನ್ನೇರುತ್ತಿತ್ತು. ಒಬ್ಬನು ಓದಿ ಇನ್ನೊಬ್ಬನು ಅರ್ಥ ಹೇಳುವ ಆ ಅಭ್ಯಾಸವೇ ಅರ್ಥಗಾರಿಕೆಗೆ ಬೇಕಾದ ಬುತ್ತಿಯನ್ನು ಕಟ್ಟಿಕೊಟ್ಟಿತು. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ನೆರೆಯವರು ಕಂಬಳಿಕೊಪ್ಪೆ ಹೊದ್ದು, ಲಾಂದ್ರ ಹಿಡಿದು, ಸಂಕ ದಾಟಿ ಬಂದರೆ ಕೂಟ ನೆರೆಯಿತು. ನಡುವೆ ಭಾಗವತ, ಮದ್ದಳೆಗಾರ. ಇಬ್ಬದಿಯಲ್ಲಿ ಎದುರುಬದುರಾಗಿ ಅರ್ಥಧಾರಿಗಳು. ಮಗ್ಗುಲಲ್ಲಿ ಕವಳದ ತಟ್ಟೆ. ಹಗಲು ಲೆಕ್ಕ ಬರೆದ ಶಾನುಭೋಗನು ರಾತ್ರಿ ಕೌರವ. ಪಾಠ ಹೇಳಿದ ಉಪಾಧ್ಯಾಯನು ಹನುಮಂತ.

ಆಟವೆಂದ ಮೇಲೆ ನಿಯಮವಿರಲೇಬೇಕು, ಇಲ್ಲಿಯೂ ಇದೆ. ಭಾಗವತನು ಪ್ರಸಂಗದ ಪದ್ಯವನ್ನು ಹಾಡುವನು. ಯಾವ ಪಾತ್ರದ ಪದ್ಯವೋ ಆ ಪಾತ್ರಧಾರಿಯು ಅದರ ತಾತ್ಪರ್ಯವನ್ನು ಮೀರದೆ ತನ್ನ ಮಾತಿನಲ್ಲಿ ವಿಸ್ತರಿಸಬೇಕು. ಎದುರಾಳಿ ಕೇಳಿದ ಪ್ರಶ್ನೆಯನ್ನು ನುಂಗಿಕೊಳ್ಳದೆ ಉತ್ತರಿಸಬೇಕು. ತನ್ನ ಪಾತ್ರವು ಅರಿಯದ ಸಂಗತಿಯನ್ನು ಹೇಳಬಾರದು; ತನ್ನ ಜನ್ಮರಹಸ್ಯವನ್ನು ಇನ್ನೂ ತಿಳಿಯದ ಕರ್ಣನು ಕುಂತಿಯನ್ನು ತಾಯಿಯೆಂದು ನೆನೆದರೆ ಸಭೆ ನಗುವುದು. ಯಾವನಾದರೂ ಮಾತನ್ನು ಹಿಂಜಿ ಹಿಂಜಿ ಎಳೆದರೆ ಭಾಗವತನು ಮುಂದಿನ ಪದ್ಯವನ್ನೆತ್ತಿಕೊಳ್ಳುವನು, ಅದಕ್ಕೆ ಮೇಲ್ಮನವಿಯಿಲ್ಲ. ಪಾಶ್ಚಾತ್ಯರ ಆಟದ ಸೂತ್ರಧಾರನ ಅಧಿಕಾರವು ಇಲ್ಲಿ ತಾಳ ಹಿಡಿದ ಈತನ ಕೈಯಲ್ಲಿದೆ.

ಒಂದು ಭೇದವನ್ನು ಮಾತ್ರ ಗಮನಿಸಬೇಕು. ಅವರ ಆಟದಲ್ಲಿ ಕೊನೆ ಏನೆಂಬುದನ್ನು ಯಾರೂ ಅರಿಯರು. ದಾಳವು ಅದನ್ನು ಕೆಡಿಸಲೂ ಬಹುದು, ಕೂಡಿಸಲೂ ಬಹುದು. ನಮ್ಮದರಲ್ಲಿ ಕೊನೆಯು ಎಲ್ಲರಿಗೂ ಗೊತ್ತು. ಕೃಷ್ಣಸಂಧಾನವು ಮುರಿದೇ ಮುರಿಯುವುದು. ವಾಲಿಯು ಬಿದ್ದೇ ಬೀಳುವನು. ಹಾಗಾದರೆ ಇಡೀ ರಾತ್ರಿ ಮನೆ ಬಿಟ್ಟು ಬಂದು ಕುಳಿತದ್ದೇಕೆ?

ವಾಲಿವಧೆಯ ಪ್ರಸಂಗವನ್ನೇ ನೋಡೋಣ. ಮರೆಯಿಂದ ಬಂದ ಬಾಣ ತಗುಲಿ ನೆಲಕ್ಕುರುಳಿದ ವಾಲಿಯು ರಾಮನನ್ನು ಪ್ರಶ್ನಿಸುವನು: ನಿನಗೆ ನಾನು ಮಾಡಿದ ಅಪರಾಧವೇನು? ಬೇರೊಬ್ಬನೊಡನೆ ಕಾದುತ್ತಿದ್ದವನನ್ನು ಅಡಗಿ ನಿಂತು ಹೊಡೆದುದು ಯಾವ ಧರ್ಮ? ರಾಮನು ತಮ್ಮನ ಹೆಂಡತಿಯನ್ನು ಹರಣಮಾಡಿದ ಪಾತಕವನ್ನೂ, ಭರತನ ಆಳ್ವಿಕೆಯ ಅಧಿಕಾರವನ್ನೂ, ಮೃಗಬೇಟೆಯ ನ್ಯಾಯವನ್ನೂ ಮುಂದಿಡುವನು. ಒಂದೊಂದು ಉತ್ತರದಿಂದಲೂ ಹೊಸ ಪ್ರಶ್ನೆ ಹುಟ್ಟುವುದು. ನಾನು ಮೃಗವಾದರೆ ನನಗೆ ಮನುಷ್ಯರ ಧರ್ಮವನ್ನು ವಿಧಿಸುವುದೆಂತು, ಮನುಷ್ಯಧರ್ಮಕ್ಕೆ ಒಳಪಟ್ಟವನಾದರೆ ಬೇಟೆಯ ನ್ಯಾಯ ಸಲ್ಲುವುದೆಂತು ಎಂದು ಚತುರನಾದ ವಾಲಿಯು ಹಿಡಿದು ನಿಲ್ಲಿಸಿದಾಗ ರಾಮನ ಅರ್ಥಧಾರಿಗೆ ಬೆವರೊಡೆಯುವುದು. ಮನೆಯಲ್ಲಿ ದಿನವೂ ರಾಮನಾಮವನ್ನು ಜಪಿಸುವ ವೃದ್ಧನೇ ಆ ರಾತ್ರಿ ವಾಲಿಯಾಗಿ ರಾಮನನ್ನು ಕಟಕಟೆಯಲ್ಲಿ ನಿಲ್ಲಿಸುವನು. ಅವನ ಭಕ್ತಿಗೆ ಇದರಿಂದ ಕುಂದಿಲ್ಲ. ಮರುದಿನದ ಪೂಜೆಗೆ ಲೋಪವಿಲ್ಲ. ಆದರೆ ಎದುರುಪಕ್ಷಕ್ಕೂ ಒಂದು ಮಾತು ಇದೆಯೆಂಬುದನ್ನು ಅವನು ತನ್ನ ನಾಲಗೆಯಿಂದಲೇ ಕಲಿತಿರುವನು.

ಬೆಳೆದವರಿಗೆ ಇಂತಹ ಆಟ ಬೇಕೆಂಬುದು ಇಲ್ಲಿಯೇ. ಬಾಲಕನು ಯಾರಾಗಬೇಕೆಂದರೂ ಆಗಬಲ್ಲನು. ನಲವತ್ತು ದಾಟಿದವನು ತಾನೇ ಆಗಿ ಗಟ್ಟಿಯಾಗಿಬಿಟ್ಟಿರುತ್ತಾನೆ: ಅವನ ಬೇಲಿ, ಅವನ ವ್ಯಾಜ್ಯ, ಅವನ ಅಭಿಪ್ರಾಯ. ಅಂತಹವನನ್ನು ವರ್ಷಕ್ಕೆ ಕೆಲವು ರಾತ್ರಿಯಾದರೂ ತನ್ನಿಂದ ಹೊರಗೆಳೆದು ಪರರ ನ್ಯಾಯವನ್ನು ವಾದಿಸುವಂತೆ ಮಾಡುವ ಉಪಾಯವು ಸಾಮಾನ್ಯವಾದುದಲ್ಲ.

ಈ ಕಲೆಯನ್ನು ಎತ್ತರಕ್ಕೇರಿಸಿದ ಮಹನೀಯರ ಚರಿತ್ರೆಯೂ ಇದನ್ನೇ ಹೇಳುತ್ತದೆ. ಸುಳ್ಯದ ಕಡೆಯ ದೇರಾಜೆ ಸೀತಾರಾಮಯ್ಯನವರು (1914–1984) ಕೃಷಿಕರಾಗಿದ್ದುಕೊಂಡೇ ಅರ್ಥಧಾರಿಗಳೆಂದೂ ಗ್ರಂಥಕಾರರೆಂದೂ ಹೆಸರಾದರು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರಂತಹ ಪ್ರತಿನಾಯಕರ ಪರವಾಗಿ ಆಡಿದ ಮಾತುಗಳನ್ನು ಜನರು ಇಂದಿಗೂ ನೆನೆದು ತಲೆದೂಗುವರು.

ಆದರೆ ಗುಣವನ್ನು ಹೇಳಿದವನು ಕೊರತೆಯನ್ನೂ ಮರೆಮಾಚಬಾರದು. ಎಲ್ಲ ಮನೆಯ ಜಗಲಿಯೂ ಎಲ್ಲ ಜಾತಿಯವರಿಗೆ ತೆರೆದಿರಲಿಲ್ಲ. ಹಲವರು ಅಂಗಳದಲ್ಲೇ ನಿಂತು ಕೇಳಬೇಕಾಗಿತ್ತು. ಸ್ತ್ರೀಯರು ನಡುಮನೆಯ ಬಾಗಿಲಿನ ಮರೆಯಲ್ಲಿ ಕೇಳಿದರು. ತಾರೆಯ ಅರ್ಥವನ್ನೂ ದ್ರೌಪದಿಯ ಅರ್ಥವನ್ನೂ ಗಂಡಸರೇ ಹೇಳಿದರು. ಈಗ ಮಹಿಳೆಯರದೇ ಕೂಟಗಳು ಹುಟ್ಟಿ ಆ ಬಾಗಿಲನ್ನು ದಾಟಿರುವುದು ಸಂತೋಷದ ಸಂಗತಿ.

ಕಾಲವು ಬೇರೆ ರೀತಿಯಲ್ಲಿಯೂ ಜಗಲಿಯನ್ನು ಬದಲಿಸಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯು ನಿಂತಾಗ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಗ್ರಾಮಗಳು ಮುಳುಗಿದುವು. ನಾಡಿಗೆ ಬೆಳಕು ಬಂದಿತು, ನೆರೆಹೊರೆಯೆಂಬುದು ಚದುರಿಹೋಯಿತು. ಒಂದು ಕೂಟದ ಭಾಗವತನೊಂದೂರಿಗೆ, ಮದ್ದಳೆಗಾರನೊಂದೂರಿಗೆ ಹೋದ ಮೇಲೆ ಮನೆಯನ್ನು ಮತ್ತೆ ಕಟ್ಟಬಹುದು, ಕೂಟವನ್ನು ಕಟ್ಟುವುದು ಕಷ್ಟ. ಮುಂದೆ ಕ್ಯಾಸೆಟ್ಟುಗಳು ಬಂದು ಪ್ರಸಿದ್ಧ ಅರ್ಥಧಾರಿಗಳ ವಾಣಿ ಮನೆಮನೆಗೂ ಮುಟ್ಟಿತು. ಅದರಿಂದ ಉಪಕಾರವೂ ಆಯಿತು. ಆದರೆ ಅಂತಹ ವಾಗ್ಮಿಗಳನ್ನು ಕೇಳಿದ ಕಿವಿಗೆ ನೆರೆಮನೆಯವನ ತೊದಲು ರುಚಿಸದಾಯಿತು. ಕೂಟವು ಜಗಲಿಯಿಂದ ಸಭಾಭವನಕ್ಕೆ ಏರಿತು. ಆಡುವವರು ನಾಲ್ವರಾದರು, ಕೇಳುವವರು ನಾನೂರು ಮಂದಿಯಾದರು.

ಕಲೆಯ ದೃಷ್ಟಿಯಿಂದ ಇದು ಏಳಿಗೆಯೆನ್ನಬಹುದು. ಆಟದ ದೃಷ್ಟಿಯಿಂದ ನಷ್ಟ. ಉತ್ತಮ ವಾಲಿಯನ್ನು ಕೇಳುವುದು ಒಂದು ಸುಖ. ಸಾಧಾರಣನಾದರೂ ತಾನೇ ವಾಲಿಯಾಗುವುದು ಇನ್ನೊಂದು. ಮೊದಲನೆಯದು ಎರಡನೆಯದರ ಸ್ಥಾನವನ್ನು ತುಂಬಲಾರದು. ಹಳ್ಳಿಯ ಹವ್ಯಾಸಿಗಳು ತಾವೇ ಕೂಡಿ ಆಡಿದರೆ ಏನಾಗಬಹುದೆಂಬುದಕ್ಕೆ ದೃಷ್ಟಾಂತವು ದೂರವಿಲ್ಲ: ಸಾಗರದ ಬಳಿಯ ಹೆಗ್ಗೋಡಿನಲ್ಲಿ 1949ರಲ್ಲಿ ಸ್ಥಾಪಿತವಾದ ನೀಲಕಂಠೇಶ್ವರ ನಾಟ್ಯಸೇವಾ ಸಂಘವು ಊರವರ ನಾಟಕದ ಹವ್ಯಾಸದಿಂದಲೇ ಮೊಳೆತು, ಕೆ. ವಿ. ಸುಬ್ಬಣ್ಣನವರ ಪರಿಶ್ರಮದಿಂದ ನೀನಾಸಮ್ ಎಂದು ದೇಶಕ್ಕೆಲ್ಲ ಪರಿಚಿತವಾಯಿತು.

ನಗರದ ತರುಣರು ಮೇಜಿನ ಸುತ್ತ ಕುಳಿತು ಆಡುವುದನ್ನು ಕಂಡು ನಾವು ನಗಬೇಕಾದುದಿಲ್ಲ. ಅವರು ಕಳೆದುಕೊಂಡ ಜಗಲಿಯನ್ನು ತಿಳಿಯದೆಯೇ ಹುಡುಕುತ್ತಿದ್ದಾರೆ. ನಾವಾದರೋ ಅದನ್ನಿನ್ನೂ ಪೂರ್ತಿಯಾಗಿ ಕಳೆದುಕೊಂಡಿಲ್ಲ. ಪ್ರಸಂಗದ ಪುಸ್ತಕಗಳು ಅಟ್ಟದ ಮೇಲಿವೆ. ಮಳೆಗಾಲ ವರ್ಷವರ್ಷವೂ ಬರುತ್ತದೆ. ಬರುವ ಶ್ರಾವಣದಲ್ಲಿ ಒಂದು ರಾತ್ರಿ ನೆರೆಯವರನ್ನು ಕರೆದು, ಮಾತು ಬಾರದವನಿಗೂ ಒಂದು ಪಾತ್ರವನ್ನು ಕೊಟ್ಟು, ಹಳೆಯ ವ್ಯಾಜ್ಯದ ಎದುರಾಳಿಗಳಿದ್ದರೆ ಅವರನ್ನೇ ಎದುರುಬದುರು ಕುಳ್ಳಿರಿಸಿ ಕೃಷ್ಣಸಂಧಾನವನ್ನು ಆಡಿಸುವ ಮನೆ ಊರಿಗೊಂದಾದರೂ ಇದ್ದರೆ ಸಾಕು. ಪ್ರಸಂಗದಲ್ಲಿ ಸಂಧಾನವು ಮುರಿಯಲಿ. ಜಗಲಿಯಲ್ಲಿ ಅದು ಕೂಡಿಬಂದೀತು.