ಚಿನ್ನದ ಗಣಿನಾಡಿನ ತೊಟ್ಟಿಲುಗಳು: ತಾಯ್ನಾಡಿನಿಂದ ದೂರ ಬೆಳೆದ ಕೆಜಿಎಫ್ ಮಕ್ಕಳು

ಪರದೇಶದಲ್ಲಿ ನೆಲೆಸಿ ಎಳೆಯ ಮಗುವನ್ನು ಬೆಳೆಸುವುದು ಸಾಫ್ಟ್‌ವೇರ್ ಯುಗದ ಸಮಸ್ಯೆಯೆಂಬ ಭಾವನೆ ಸಾಮಾನ್ಯವಾಗಿದೆ. ಹಗಲಿನಲ್ಲಿ ಮಗುವನ್ನು ಯಾರು ನೋಡಿಕೊಳ್ಳಬೇಕು, ಅದರೊಡನೆ ಯಾವ ಭಾಷೆಯಲ್ಲಿ ಮಾತನಾಡಬೇಕು, ಶಾಲೆಗೆ ಸೇರಿಸುವ ವೇಳೆಗೆ ಊರಿಗೆ ಮರಳಬೇಕೇ ಎಂಬ ಪ್ರಶ್ನೆಗಳು ಅಮೆರಿಕ, ಬ್ರಿಟನ್ ಹಾಗೂ ಕೊಲ್ಲಿ ರಾಷ್ಟ್ರಗಳಲ್ಲಿರುವ ಕನ್ನಡ ಕುಟುಂಬಗಳನ್ನು ಕಾಡುತ್ತಿವೆ. ಇವೇ ಪ್ರಶ್ನೆಗಳನ್ನು ಒಂದು ಶತಮಾನಕ್ಕೂ ಹಿಂದೆ ಕರ್ನಾಟಕದ ನೆಲದಲ್ಲಿಯೇ ಎದುರಿಸಿದ ಕುಟುಂಬಗಳಿದ್ದವು.

ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ, ಅಂದರೆ ಕೆಜಿಎಫ್‌ಗೆ, ಒಂದೆಡೆ ಬ್ರಿಟನ್ನಿನಿಂದ ಇಂಜಿನಿಯರುಗಳೂ ಗಣಿ ತಜ್ಞರೂ ಬಂದರು. ಇನ್ನೊಂದೆಡೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಸೀಮೆಗಳಿಂದ ಕಾರ್ಮಿಕರು ಬಂದರು. ಇಬ್ಬರಿಗೂ ಅದು ಪರಸ್ಥಳವೇ ಆಗಿತ್ತು. ಇಬ್ಬರ ಮಕ್ಕಳೂ ಅಲ್ಲಿಯೇ ಅಂಬೆಗಾಲಿಟ್ಟರು. ಬಂಗಲೆಯ ಮಗುವಿನ ಬಾಲ್ಯಕ್ಕೂ ಕಾರ್ಮಿಕರ ಲೈನ್ ಮನೆಯ ಮಗುವಿನ ಬಾಲ್ಯಕ್ಕೂ ಅಜಗಜಾಂತರವಿತ್ತು. ಈ ಎರಡು ಲೋಕಗಳ ನಡುವೆ ನಿತ್ಯ ಓಡಾಡುತ್ತಿದ್ದವಳು ಮಗುವನ್ನು ಎತ್ತಿ ಆಡಿಸುವ ಆಯಾ.

ಹಿನ್ನೆಲೆ

ಐರಿಷ್ ಮೂಲದ ಮಾಜಿ ಸೈನಿಕ ಮೈಕೇಲ್ ಫಿಟ್ಜ್‌ಜೆರಾಲ್ಡ್ ಲವೆಲ್ 1875ರಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದು ಕೋಲಾರ ಸೀಮೆಯಲ್ಲಿ ಚಿನ್ನದ ಶೋಧಕ್ಕೆ ತೊಡಗಿದರು. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಗಣಿಗಾರಿಕೆ ನೆಲೆಯೂರಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಪ್ರಸಿದ್ಧವಾದವು. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ ತಾಮ್ರ ಮತ್ತು ತವರದ ಗಣಿಗಳು ಕ್ಷೀಣಿಸುತ್ತಿದ್ದ ಕಾಲವದು. ಅಲ್ಲಿನ ನುರಿತ ಗಣಿಗಾರರು ಕೆಲಸ ಅರಸಿ ಜಗತ್ತಿನ ಅನೇಕ ಗಣಿನಾಡುಗಳಿಗೆ ಚದುರಿದರು. ಅವರಲ್ಲಿ ಕೆಲವರು ಕೋಲಾರಕ್ಕೂ ಬಂದರು.

ಈ ಎಲ್ಲ ಕುಟುಂಬಗಳಿಗೆ ಹೆಬ್ಬಾಗಿಲಾಗಿದ್ದುದು ಇಂದಿನ ಬಂಗಾರಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಅವರ ಹೆಸರಿನಲ್ಲಿ ಅದನ್ನು ಬೌರಿಂಗ್‌ಪೇಟೆ ಎಂದು ಕರೆಯಲಾಗುತ್ತಿತ್ತು. 1864ರಲ್ಲಿ ಜೋಲಾರಪೇಟೆ–ಬೆಂಗಳೂರು ರೈಲು ಮಾರ್ಗ ಆರಂಭವಾದಾಗ ಊರಿಗೆ ಮದರಾಸಿನ ಸಂಪರ್ಕ ದೊರೆಯಿತು. 1894ರಲ್ಲಿ ಅಲ್ಲಿಂದ ಗಣಿ ಪ್ರದೇಶಕ್ಕೆ ಸುಮಾರು 10 ಮೈಲಿಗಳ ಕವಲು ಮಾರ್ಗ ಸಿದ್ಧವಾಯಿತು. ಹಡಗಿನಿಂದಿಳಿದು ಬಂದ ಬ್ರಿಟಿಷ್ ತಾಯಿಯೂ, ಜೋಲಾರಪೇಟೆಯ ಕಡೆಯಿಂದ ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಬಂದ ಕಾರ್ಮಿಕನ ಹೆಂಡತಿಯೂ ಗಣಿಯ ರೈಲು ಹಿಡಿಯಲು ಈ ನಿಲ್ದಾಣಕ್ಕೇ ಬರಬೇಕಿತ್ತು. 1901ರ ಜನಗಣತಿಯ ವೇಳೆಗೆ ಗಣಿ ಪ್ರದೇಶದ ಜನಸಂಖ್ಯೆ ಸುಮಾರು 38 ಸಾವಿರಕ್ಕೆ ಏರಿತ್ತು.

ಬಂಗಲೆಯ ಮಗು

ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿರುವ ಕೆಜಿಎಫ್‌ನ ಹವೆ ಯುರೋಪಿಯನ್ನರಿಗೆ ಮದರಾಸಿನ ಸೆಖೆಗಿಂತ ಸಹನೀಯವಾಗಿತ್ತು. ಉದ್ಯಾನದ ನಡುವೆ ವಿಶಾಲ ವರಾಂಡದ ಬಂಗಲೆಗಳು, ಕ್ಲಬ್, ಚರ್ಚು, ಆಸ್ಪತ್ರೆಗಳಿಂದಾಗಿ ಊರಿಗೆ ‘ಪುಟ್ಟ ಇಂಗ್ಲೆಂಡ್’ ಎಂಬ ಅಡ್ಡಹೆಸರು ಬಂದಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿದುಬಂದಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಗಳ ಬಳಿಕ.

ಸೌಕರ್ಯಗಳಿದ್ದರೂ ತಾಯಂದಿರ ಆತಂಕ ದೂರವಾಗಿರಲಿಲ್ಲ. ಮಲೇರಿಯಾ, ಆಮಶಂಕೆ, ಕಾಲರಾ, ಸಿಡುಬುಗಳಿಗೆ ಶಿಶುಗಳು ಬೇಗನೆ ಬಲಿಯಾಗುತ್ತಿದ್ದ ಕಾಲವದು. ಭಾರತದ ಹಳೆಯ ಬ್ರಿಟಿಷ್ ಸ್ಮಶಾನಗಳಲ್ಲಿ ಎಳೆಯ ಮಕ್ಕಳ ಸಮಾಧಿಗಳು ವಿಶೇಷವಾಗಿ ಕಾಣಸಿಗುತ್ತವೆ. ಆದ್ದರಿಂದ ಕುದಿಸಿದ ನೀರು, ಕುದಿಸಿದ ಹಾಲು, ಸೊಳ್ಳೆಪರದೆ, ಬಿಸಿಲಿಗೆ ಹೊರಟಾಗ ತಲೆಗೆ ಟೋಪಿ ಎಂಬ ನಿಯಮಗಳನ್ನು ಭಾರತದಲ್ಲಿದ್ದ ಬ್ರಿಟಿಷ್ ಕುಟುಂಬಗಳು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದವು. ಹಾಲಿಗೆ ನೀರು ಬೆರೆಯದಂತೆ ಹಸುವನ್ನು ಮನೆಯಂಗಳಕ್ಕೇ ತರಿಸಿ ಕಣ್ಣೆದುರು ಕರೆಸುವ ರೂಢಿಯೂ ಇತ್ತು. ತಾಯಿ, ಅತ್ತೆಯರ ಸಲಹೆ ಕೇಳಲು ಪತ್ರ ಬರೆದು ವಾರಗಟ್ಟಲೆ ಕಾಯಬೇಕಾಗಿದ್ದ ಹೊಸ ಗೃಹಿಣಿಯರಿಗೆ ಮುದ್ರಿತ ಕೈಪಿಡಿಗಳೇ ಆಸರೆಯಾಗಿದ್ದವು. ಫ್ಲೋರಾ ಆ್ಯನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ರಚಿಸಿ 1888ರಲ್ಲಿ ಮೊದಲು ಪ್ರಕಟಿಸಿದ ಗೃಹಕೃತ್ಯದ ಪುಸ್ತಕ ಇವುಗಳಲ್ಲಿ ಹೆಸರಾದದ್ದು. ಆಳುಕಾಳುಗಳಿಂದ ಹಿಡಿದು ಮಕ್ಕಳ ಪಾಲನೆಯವರೆಗೆ ಅದರಲ್ಲಿ ಸೂಚನೆಗಳಿದ್ದವು.

ಪರಸ್ಥಳದ ಶಿಶುಪಾಲನೆಯಲ್ಲಿ ಔಷಧಿಗಳೂ ಮನೆಯಿಂದ ಮನೆಗೆ ದಾಟುತ್ತವೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ 1851ರಲ್ಲಿ ತಯಾರಿಸಿದ ಗ್ರೈಪ್ ವಾಟರ್ ಹೀಗೆ ಸಾಮ್ರಾಜ್ಯದ ಉದ್ದಗಲಕ್ಕೂ ಹರಡಿ, ಕ್ರಮೇಣ ದಕ್ಷಿಣ ಭಾರತದ ಮಧ್ಯಮವರ್ಗದ ಮನೆಗಳಲ್ಲಿ ಬಜೆ ತೇಯುವ ಕಲ್ಲಿನ ಪಕ್ಕದಲ್ಲೇ ಸ್ಥಾನ ಪಡೆಯಿತು.

ಲೈನ್ ಮನೆಯ ಮಗು

ಗಣಿಯ ಕಾರ್ಮಿಕರಲ್ಲಿ ಬಹುಪಾಲು ದಲಿತ ಸಮುದಾಯಗಳವರಾಗಿದ್ದು, ಜಮೀನಿಲ್ಲದ ಬದುಕಿನಿಂದ ಬಿಡುಗಡೆ ಬಯಸಿ ಬಂದವರಾಗಿದ್ದರು. ಮದರಾಸು ಪ್ರಾಂತ್ಯದ ಗಡಿ ದಾಟಿ ಮೈಸೂರು ಸಂಸ್ಥಾನವನ್ನು ಪ್ರವೇಶಿಸಿದ ಅವರಿಗೆ ಸರ್ಕಾರವೂ ಬೇರೆ, ಕಾನೂನೂ ಬೇರೆ. ಕಂಪನಿಗಳು ಅವರಿಗಾಗಿ ಸಾಲುಸಾಲಾಗಿ ಹಾಕಿಸಿದ ಗುಡಿಸಲುಗಳಿಗೆ ‘ಲೈನ್’ಗಳೆಂದೇ ಹೆಸರು. ಬಿದಿರು ತಟ್ಟಿಯ ಗೋಡೆಗಳ ಒಂದೇ ಕೋಣೆಯಲ್ಲಿ ಇಡೀ ಸಂಸಾರ ಸಾಗಬೇಕಿತ್ತು.

ಅಂತಹ ಮನೆಯಲ್ಲಿ ಮಗುವಿನ ದಿನಚರಿಯನ್ನು ಗಣಿಯ ಪಾಳಿಯೇ ನಿರ್ಧರಿಸುತ್ತಿತ್ತು. ರಾತ್ರಿ ಪಾಳಿ ಮುಗಿಸಿ ಬಂದ ತಂದೆ ಹಗಲಿನಲ್ಲಿ ಮಲಗಿದರೆ, ಎಚ್ಚರವಿರುವ ಮಗುವನ್ನು ತಾಯಿ ಹೊರಗೆ ಕರೆದೊಯ್ಯಬೇಕಾಗುತ್ತಿತ್ತು. ಸೂರಿನ ತೊಲೆಗೆ ಹಳೆಯ ಸೀರೆಯನ್ನು ಕಟ್ಟಿದರೆ ತೊಟ್ಟಿಲು ಸಿದ್ಧ. ಗಣಿ ಆಳಕ್ಕಿಳಿದಂತೆ ಭೂಗರ್ಭದಲ್ಲಿ ಬಂಡೆಗಳು ಸಿಡಿಯುವ ಅವಘಡಗಳು ಹೆಚ್ಚಿದವು. ದೊಡ್ಡ ಸಿಡಿತವಾದಾಗ ನೆಲದ ಮೇಲಿನ ಮನೆಗಳೂ ನಡುಗುತ್ತಿದ್ದವು. ಬಂಗಲೆಯ ಮಗುವೂ ಲೈನಿನ ಮಗುವೂ ಒಟ್ಟಿಗೇ ಬೆಚ್ಚಿಬೀಳುತ್ತಿದ್ದ ಗಳಿಗೆಗಳವು. ಆದರೆ ಆ ಹೊತ್ತಿನಲ್ಲಿ ಕಲ್ಲಿನಡಿಯಲ್ಲಿರುವ ಸಂಭವ ಲೈನಿನ ಮಗುವಿನ ತಂದೆಗೇ ಹೆಚ್ಚಾಗಿತ್ತು.

1898ರ ಸುಮಾರಿಗೆ ಬೆಂಗಳೂರು ಮತ್ತು ಗಣಿ ಪ್ರದೇಶವನ್ನು ಪ್ಲೇಗ್ ಕಾಡಿದ ಬಳಿಕ ಇಕ್ಕಟ್ಟಾದ ವಸತಿಯ ಅಪಾಯ ಆಡಳಿತದ ಗಮನಕ್ಕೆ ಬಂದಿತು. ಬ್ರಿಟಿಷ್ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರಿನ ರಾಬರ್ಟ್‌ಸನ್‌ಪೇಟೆ ಯೋಜಿತ ಊರಾಗಿ ರೂಪುಗೊಂಡದ್ದು ಈ ಹಿನ್ನೆಲೆಯಲ್ಲಿಯೇ.

ಆಯಾ: ಎರಡು ತೊಟ್ಟಿಲುಗಳ ನಡುವೆ

ಬ್ರಿಟಿಷ್ ಭಾರತದ ಬಂಗಲೆಗಳಲ್ಲಿ ಮಗುವಿನ ಎಚ್ಚರದ ಬಹುಭಾಗ ಕಳೆಯುತ್ತಿದ್ದುದು ಆಯಾಳೊಂದಿಗೆ. ಸ್ನಾನ ಮಾಡಿಸುವುದು, ಉಣಿಸುವುದು, ಸಂಜೆ ಕೈಗಾಡಿಯಲ್ಲಿ ತಿರುಗಾಡಿಸುವುದು, ಮಲಗಿಸುವುದು ಅವಳ ಹೊಣೆ. ಆಯಾಗಳಲ್ಲಿ ಅನೇಕರು ಸ್ವತಃ ತಾಯಂದಿರು. ಒಡತಿಯ ಮಗುವನ್ನು ಜೋಗುಳ ಹಾಡಿ ಮಲಗಿಸುವ ಹೊತ್ತಿಗೆ ಅವರ ಮಗುವನ್ನು ಅಜ್ಜಿಯೋ, ಏಳೆಂಟು ವರ್ಷದ ಅಕ್ಕನೋ ನೋಡಿಕೊಳ್ಳಬೇಕಿತ್ತು. ಹೀಗೆ ಒಂದು ಮನೆಯ ಶಿಶುಪಾಲನೆಯ ಕೊರತೆ ಇನ್ನೊಂದು ಬಡ ಮನೆಗೆ ವರ್ಗವಾಗುತ್ತಿತ್ತು.

ಕೆಲವು ಆಯಾಗಳು ಕುಟುಂಬದೊಂದಿಗೆ ಹಡಗು ಹತ್ತಿ ಇಂಗ್ಲೆಂಡಿಗೂ ಹೋಗುತ್ತಿದ್ದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಪ್ರಯಾಣದ ಅವಧಿ ತಗ್ಗಿ, ಇಂತಹ ಓಡಾಟ ಸುಲಭವಾಗಿತ್ತು. ದಾರಿಯುದ್ದಕ್ಕೂ ಮಕ್ಕಳನ್ನು ನೋಡಿಕೊಂಡ ಬಳಿಕ ಮರಳುವ ಟಿಕೆಟ್ ಇಲ್ಲದೆ ಲಂಡನ್ನಿನಲ್ಲಿ ಕೈಬಿಡಲ್ಪಟ್ಟವರೂ ಇದ್ದರು. ಅವರ ಆಶ್ರಯಕ್ಕೆಂದೇ ಲಂಡನ್ನಿನಲ್ಲಿ ‘ಆಯಾಗಳ ಮನೆ’ ನಡೆಯುತ್ತಿತ್ತು. ಅದು 1900ರಿಂದ ನೆಲೆಗೊಂಡಿದ್ದ ಹ್ಯಾಕ್ನಿಯ ಕಟ್ಟಡಕ್ಕೆ 2022ರಲ್ಲಿ ಸ್ಮಾರಕ ಫಲಕ ಅಳವಡಿಸಲಾಯಿತು. ಸಾಮ್ರಾಜ್ಯದ ಮಕ್ಕಳನ್ನು ಎತ್ತಿ ಬೆಳೆಸಿದ ಮಹಿಳೆಯರಿಗೆ ದೊರೆತ ವಿರಳ ಸಾರ್ವಜನಿಕ ಗೌರವಗಳಲ್ಲಿ ಇದೂ ಒಂದು.

ಮೊದಲ ತೊದಲು ಯಾವ ಭಾಷೆಯದು?

ಮಗು ತನ್ನೊಡನೆ ಹೆಚ್ಚು ಮಾತನಾಡುವವರ ಭಾಷೆಯನ್ನು ಮೊದಲು ಕಲಿಯುತ್ತದೆ. 1865ರಲ್ಲಿ ಮುಂಬಯಿಯಲ್ಲಿ ಜನಿಸಿದ ಸಾಹಿತಿ ರುಡ್ಯಾರ್ಡ್ ಕಿಪ್ಲಿಂಗ್ ಬಾಲ್ಯದಲ್ಲಿ ಆಯಾ ಮತ್ತು ಸೇವಕರೊಡನೆ ದೇಶಭಾಷೆಯಲ್ಲಿಯೇ ಮಾತನಾಡುತ್ತಿದ್ದುದನ್ನೂ, ತಂದೆತಾಯಿಯರ ಬಳಿ ಇಂಗ್ಲಿಷ್ ಬಳಸುವಂತೆ ತಮಗೆ ನೆನಪಿಸಬೇಕಾಗುತ್ತಿದ್ದುದನ್ನೂ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಕೆಜಿಎಫ್ ಇನ್ನೂ ಬಹುಭಾಷಿಕ ಊರು. ಲೈನುಗಳಲ್ಲಿ ತಮಿಳು, ಸುತ್ತಲ ಹಳ್ಳಿಗಳಲ್ಲಿ ತೆಲುಗು ಮತ್ತು ಕನ್ನಡ, ಪೇಟೆಯಲ್ಲಿ ಉರ್ದು, ಕಚೇರಿಯಲ್ಲಿ ಇಂಗ್ಲಿಷ್. ಇಂದಿಗೂ ಅಲ್ಲಿನ ಮಗು ಬೀದಿಯಲ್ಲಿ ಆಡುತ್ತಲೇ ಎರಡು ಮೂರು ಭಾಷೆಗಳನ್ನು ಕಲಿಯುತ್ತದೆ.

ಅನೇಕ ಬ್ರಿಟಿಷ್ ತಂದೆತಾಯಿಯರು ಇದನ್ನು ಅಪಾಯವೆಂದು ಭಾವಿಸಿದ್ದರು. ಆದರೆ ಅದೇ ಕಾಲದಲ್ಲಿ ಫ್ರೆಂಚ್ ಭಾಷಾಶಾಸ್ತ್ರಜ್ಞ ಜೂಲ್ ರೋಂಜಾ, ತಾವು ಫ್ರೆಂಚ್‌ನಲ್ಲಿಯೂ ಪತ್ನಿ ಜರ್ಮನ್‌ನಲ್ಲಿಯೂ ಮಾತನಾಡಿ ಬೆಳೆಸಿದ ಮಗ ಲೂಯಿಯ ಭಾಷಾಕಲಿಕೆಯನ್ನು ಗಮನಿಸಿ 1913ರಲ್ಲಿ ಗ್ರಂಥ ಪ್ರಕಟಿಸಿದರು. ಮಗು ಎರಡೂ ಭಾಷೆಗಳನ್ನು ಗೊಂದಲವಿಲ್ಲದೆ ಕಲಿಯಬಲ್ಲದೆಂದು ಅವರು ತೋರಿಸಿದರು. ‘ಒಬ್ಬರಿಗೆ ಒಂದು ಭಾಷೆ’ ಎಂದು ಇಂದು ವಿದೇಶದ ಕನ್ನಡ ಕುಟುಂಬಗಳಿಗೆ ನೀಡಲಾಗುವ ಸಲಹೆಯ ಮೂಲ ಇಲ್ಲಿದೆ.

ಐದರ ಬಳಿಕದ ಅಗಲಿಕೆ

ಬಂಗಲೆಯ ಮಗುವಿನ ಸುಖದ ದಿನಗಳು ಐದರಿಂದ ಏಳನೆಯ ವಯಸ್ಸಿಗೆ ಮುಗಿಯುತ್ತಿದ್ದವು. ಭಾರತದ ಹವೆಯಲ್ಲಿ ಬಿಳಿಯರ ಮಕ್ಕಳು ಸೊರಗುತ್ತಾರೆ, ಆಳುಗಳ ನಡೆನುಡಿ ಕಲಿಯುತ್ತಾರೆ ಎಂಬ ನಂಬಿಕೆಯಿಂದ ಅನುಕೂಲಸ್ಥರು ಮಕ್ಕಳನ್ನು ಇಂಗ್ಲೆಂಡಿನ ವಸತಿಶಾಲೆಗಳಿಗೆ ಕಳುಹಿಸುತ್ತಿದ್ದರು. ಕಿಪ್ಲಿಂಗ್ ಐದನೆಯ ವಯಸ್ಸಿನಲ್ಲಿ, ಮೂರು ವರ್ಷದ ತಂಗಿಯೊಂದಿಗೆ, 1871ರಲ್ಲಿ ಅಪರಿಚಿತರ ಮನೆ ಸೇರಿ ವರ್ಷಗಟ್ಟಲೆ ತಂದೆತಾಯಿಯರನ್ನು ಕಾಣದೆ ಸಂಕಟಪಟ್ಟದ್ದು ಪ್ರಸಿದ್ಧವಾಗಿದೆ. ಅಷ್ಟು ವೆಚ್ಚ ಭರಿಸಲಾಗದವರಿಗೆ ನೀಲಗಿರಿಯ ಶಾಲೆಗಳು, ಬೆಂಗಳೂರಿನ ಸೇಂಟ್ ಜೋಸೆಫ್, ಬಿಷಪ್ ಕಾಟನ್ ಶಾಲೆಗಳಿದ್ದವು. ಗಣಿ ಪ್ರದೇಶದಲ್ಲಿಯೇ ಯುರೋಪಿಯನ್ ಹಾಗೂ ಆಂಗ್ಲೋ-ಇಂಡಿಯನ್ ಮಕ್ಕಳಿಗೆ ಇಂಗ್ಲಿಷ್ ಶಾಲೆ ಆರಂಭವಾದ ಮೇಲೆ ಮಕ್ಕಳನ್ನು ಇನ್ನಷ್ಟು ಕಾಲ ಮಡಿಲಲ್ಲಿಟ್ಟುಕೊಳ್ಳಲು ಅವಕಾಶವಾಯಿತು.

ತಾಯಂದಿರಿಗೆ ಆಯ್ಕೆ ಕಠಿಣವಾಗಿತ್ತು: ಮಕ್ಕಳೊಂದಿಗೆ ಇಂಗ್ಲೆಂಡಿಗೆ ಹೋದರೆ ಪತಿ ಒಂಟಿ, ಉಳಿದರೆ ಮಕ್ಕಳು ಒಂಟಿ. ವರ್ಷಗಳ ಕಾಲ ಎತ್ತಿ ಆಡಿಸಿದ ಆಯಾಳಿಗೂ ಇದು ಅಗಲಿಕೆಯೇ. ಆದರೆ ಅವಳ ದುಃಖಕ್ಕೆ ಪತ್ರ ಬರೆಯುವ ವಿಳಾಸವೂ ಇರುತ್ತಿರಲಿಲ್ಲ.

ಗಣಿ ಮುಚ್ಚಿದ ಬಳಿಕ

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಪಡಿಸಿಕೊಂಡಿತು. ಬ್ರಿಟಿಷ್ ಕುಟುಂಬಗಳು ತೆರಳಿದವು. ಆಂಗ್ಲೋ-ಇಂಡಿಯನ್ನರಲ್ಲಿ ಅನೇಕರು ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳಿಗೆ ವಲಸೆ ಹೋದರು. 1962ರಲ್ಲಿ ಗಣಿಗಳು ಕೇಂದ್ರ ಸರ್ಕಾರಕ್ಕೆ ಹಸ್ತಾಂತರವಾದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಅಂದಿನಿಂದ ಊರಿನ ದಿಕ್ಕು ತಿರುವುಮುರುವಾಗಿದೆ. ಒಂದು ಕಾಲಕ್ಕೆ ಹೊರನಾಡಿನವರನ್ನು ಸೆಳೆದ ಕೆಜಿಎಫ್‌ನಿಂದ ಸಾವಿರಾರು ಮಂದಿ ನಸುಕಿನ ರೈಲು ಹಿಡಿದು, ಬಂಗಾರಪೇಟೆಯ ಮೂಲಕ ಬೆಂಗಳೂರಿನ ಕೆಲಸಕ್ಕೆ ಹೋಗಿಬರುತ್ತಾರೆ. ದುಡಿಯುವ ದಂಪತಿಗಳು ಹೊರಡುವಾಗ ಮಗುವಿನ್ನೂ ನಿದ್ರೆಯಲ್ಲಿರುತ್ತದೆ; ರಾತ್ರಿ ಮರಳುವ ವೇಳೆಗೆ ಮತ್ತೆ ಮಲಗಿರುತ್ತದೆ. ನಡುವಿನ ಹಗಲು ಅಜ್ಜಿ, ತಾತಂದಿರ ಪಾಲು. ವಿದೇಶಕ್ಕೆ ಹೋದ ಮಕ್ಕಳು ಅಲ್ಲಿ ತಂದೆತಾಯಿಗಳಾದಾಗ ಬಾಣಂತನಕ್ಕೆಂದು ಇಲ್ಲಿನ ಅಜ್ಜಿಯರು ವಿಮಾನ ಹತ್ತುವುದೂ ಉಂಟು. ಅಮೆರಿಕದ ಸಂದರ್ಶಕ ವೀಸಾದಲ್ಲಿ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳವರೆಗೆ ಮಾತ್ರ ಇರಲು ಅನುಮತಿ ದೊರೆಯುವುದರಿಂದ, ಮಗು ಅಜ್ಜಿಯನ್ನು ಗುರುತಿಸಲು ಕಲಿಯುವ ವೇಳೆಗೆ ಅವರು ಮರಳಬೇಕಾಗುತ್ತದೆ.

ಹಡಗಿನ ಜಾಗಕ್ಕೆ ವಿಮಾನ, ಪತ್ರದ ಜಾಗಕ್ಕೆ ವಿಡಿಯೋ ಕರೆ ಬಂದಿದೆ. ಹಗಲಿನಲ್ಲಿ ಮಗುವನ್ನು ಎತ್ತಿಕೊಳ್ಳುವ ಕೈ ಯಾರದು, ಆ ಕೈಯವರ ಸ್ವಂತ ಮನೆಯ ಮಗುವನ್ನು ಆಗ ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆ ಮಾತ್ರ ಬಂಗಲೆಗಳ ಕಾಲದಲ್ಲಿದ್ದಂತೆಯೇ ಉಳಿದಿದೆ. ಕೆಲಸಕ್ಕೆಂದು ಊರು ಬಿಡುವ ಯಾವ ಕುಟುಂಬವೂ ಅದಕ್ಕೆ ಉತ್ತರ ಕಂಡುಕೊಳ್ಳಲೇಬೇಕಾಗಿದೆ.